ಊದುಗೊಳವೆಗೆ ಬಾಯಿಟ್ಟವರು

ಗಾಜಿನ ಕಾರ್ಖಾನೆಯಲ್ಲಿ ಕೊಳವೆಯಿಂದ ಗಾಜು ಊದುವವನ ಬಾಯೊಳಗೆ ಎದ್ದ ಗುಳ್ಳೆಗಳು ಒಡೆದು ಹುಣ್ಣಾದವು, ಮಾಯಲೇ ಇಲ್ಲ. ಆಮೇಲೆ ಎದೆ, ಬೆನ್ನಿನ ಮೇಲೂ ಎದ್ದವು. ಚರ್ಮದ ಡಾಕ್ಟರಮ್ಮ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಪೆಂಫಿಗಸ್ ಅಂತ. ಮೈ ಕಾಯಬೇಕಾದ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಂಟುರೋಗ ಅಲ್ಲ."

"ಬೇಲಿನ ಎಬ್ಬಿಸಿದ್ದು ಯಾರು?" ಅಂದಳು ಹೆಂಡತಿ.

"ಗೊತ್ತಿಲ್ಲಮ್ಮ. ಕೆಲವರಲ್ಲಿ ಯಾವುದೋ ಸೋಂಕು ಕೆಣಕಿರಬಹುದು ಅನ್ನೋ ಅನುಮಾನ ಇದೆ. ತುಟಿ ಮೇಲೆ ಗುಳ್ಳೆ ಏಳಿಸೋ ಹರ್ಪಿಸ್ ವೈರಸ್ ಅದರಲ್ಲೊಂದು. ಖಾತ್ರಿಯಿಲ್ಲ."

ಹೆಂಡತಿಯ ಕಿವಿಗೆ ಬಿದ್ದದ್ದು 'ತುಟಿ' ಒಂದೇ. ಕಾರ್ಖಾನೆಯಲ್ಲಿ ಗಂಡನ ಜೊತೆ ದುಡಿಯುವ ಗುಂಗುರುಗೂದಲಿನವಳು, ಎಲ್ಲರ ಬಾಯಲ್ಲೂ 'ಗುಂಗುರಿ', ಅವನು ಊದಿದ ಕೊಳವೆಗೇ ಬಾಯಿಟ್ಟು ಊದುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಇವಳ ಹೊಟ್ಟೆಯೊಳಗೇ ಇನ್ನೊಂದು ಕುಲುಮೆ ಹೊತ್ತಿಕೊಳ್ಳುತ್ತಿತ್ತು.

ಮಾರನೆಯ ದಿನ ನೆಟ್ಟಗೆ ಕಾರ್ಖಾನೆಗೆ ಹೋದಳು.

"ನಿನ್ನ ತುಟಿ ಮೇಲೆ ಯಾವತ್ತಾದ್ರೂ ಗುಳ್ಳೆ ಎದ್ದಿತ್ತಾ?"

"ಇಲ್ಲ ಅಕ್ಕಾ. ಚಳಿಗೆ ನಿಮಗೆ ಏಳುತ್ತಂತೆ, ಅಣ್ಣ ಹೇಳ್ತಿದ್ರು," ಅಂದಳು ಗುಂಗುರಿ, ಕಪಟವಿಲ್ಲದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೆಂಡತಿಯ ಕೈ ತನ್ನ ತುಟಿಗೇ ಹೋಯಿತು. ಮರುಗಳಿಗೆಯೇ ಇನ್ನೊಂದು ಉರಿ: ನನ್ನ ತುಟಿಯ ಮಾತನ್ನು ಇವಳ ಹತ್ತಿರ ಆಡಿದ್ದಾನಾ!

ಆದರೂ ಭಯ ಬಿಡಲಿಲ್ಲ. ಡಾಕ್ಟರಮ್ಮನನ್ನೇ ಕೇಳಿದಳು, "ನನ್ನಿಂದ ಬಂತಾ?"

"ಆ ವೈರಸ್ ಎಷ್ಟೋ ಜನರ ಮೈಯಲ್ಲಿ ಚಿಕ್ಕಂದಿನಿಂದಲೇ ಮಲಗಿರುತ್ತಮ್ಮ. ನಿಮ್ಮವರಿಗೆ ಅದರಿಂದಲೇ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲ. ಕಳ್ಳರನ್ನ ಹುಡುಕೋದು ಬಿಡಿ, ಮಾತ್ರೆ ತಪ್ಪಿಸಬೇಡಿ."

ಮಾತ್ರೆ ಹಿಡಿಯಿತು. ಹುಣ್ಣು ಮೆಲ್ಲಗೆ ಒಣಗತೊಡಗಿತು. ಆದರೆ ಸದ್ಯಕ್ಕೆ ಊದಬಾರದು ಎಂದಾಯಿತು. ಗುಂಗುರಿ ಊದುವಳು, ಅವನು ಕೊಳವೆ ತಿರುಗಿಸುತ್ತ ಗಾಜಿಗೆ ರೂಪ ಕೊಡುವನು. "ಇನ್ನೊಂಚೂರು... ಸಾಕು" ಅಂದರೆ ಅವಳ ಉಸಿರು ಅಲ್ಲೇ ನಿಲ್ಲುತ್ತಿತ್ತು. ಮೆತ್ತನೆಯ ಊಟ ತಂದ ಹೆಂಡತಿ ಇದನ್ನೆಲ್ಲ ನೋಡುತ್ತ ನಿಂತಳು. ಅವನ ಒಂದು ಮಾತಿಗೆ ತನ್ನ ಉಸಿರು ಎಂದಾದರೂ ಹಾಗೆ ನಿಂತಿತ್ತೇ?

"ನನಗೂ ಕಲಿಸಿ," ಅಂದಳು ಒಂದು ದಿನ.

ಗಂಡ ನಕ್ಕ. ಬಾಯಿ ನೋಯಲಿಲ್ಲವೆಂದು ಅವನಿಗೇ ಆಶ್ಚರ್ಯ. ಅವಳು ಕೆನ್ನೆ ಉಬ್ಬಿಸಿ ಊದಿದ ಗಾಜು ಸೊಟ್ಟಗೆ ಜೋತುಬಿತ್ತು.

"ಚೆನ್ನಾಗಿದೆ ಅಕ್ಕಾ," ಅಂದಳು ಗುಂಗುರಿ.

ಸುಳ್ಳೆಂದು ಗೊತ್ತಿದ್ದೂ ಹೆಂಡತಿ ಮಾರನೆಯ ದಿನವೂ ಹೋದಳು. ಹೊಟ್ಟೆಕಿಚ್ಚೇನೂ ಆರಿರಲಿಲ್ಲ. ಒಬ್ಬಳೇ ಮನೆಯಲ್ಲಿ ಕೂತು ಬೇಯುವುದಕ್ಕಿಂತ ಇದು ವಾಸಿ ಅನ್ನಿಸಿತ್ತು, ಅಷ್ಟೆ.