ಆಯಿಯ ದನಿಗೆ ದಪ್ಪ ವಾಯರ್

ನನ್ನ ಅಪ್ಪ ಅಮೋಗಸಿದ್ದನಿಗೆ ಕಿವಿಯ ಸೊಕ್ಕು. ಬೆನ್ನು ತಿರುಗಿಸಿ ಕೂತರೂ ಹಟ್ಟಿಯಲ್ಲಿ ಒದರಿದ ಕುರಿ ಯಾವುದೆಂದು ಹೇಳಿಬಿಡುತ್ತಾನೆ, ನಮ್ಮೂರು ಮುಚ್ಚಂಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆ ಸೊಕ್ಕನ್ನೇ ಹಿಡಿದು ವಿಠೋಬ ಅವನನ್ನು ಬುಟ್ಟಿಗೆ ಹಾಕಿಕೊಂಡ.

ವಿಠೋಬ ಊರೂರು ತಿರುಗಿ ಹಳೆಯ ಸಾಮಾನು ಒಯ್ಯುವವನು. ನಮ್ಮ ಮನೆಯಲ್ಲಿದ್ದ ಮುತ್ತಜ್ಜನ ಕಾಲದ ಡೊಳ್ಳಿನ ಮೇಲೆ ಅವನ ಕಣ್ಣು ಬಿತ್ತು. ಅಪ್ಪನ ಬಳಿ ಒಂದು ಕ್ಯಾಸೆಟ್ ಇದೆ. ತೀರಿಕೊಂಡ ನಮ್ಮ ಆಯಿ, ಅಂದರೆ ಅಪ್ಪನ ಅವ್ವ ಹಣಮವ್ವ, ಡೊಳ್ಳಿನ ಜೊತೆ ಹಾಡಿದ ಪದ ಅದರಲ್ಲಿದೆ. ಸವೆದು ಸವೆದು ದನಿ ಮಸುಕಾಗಿದೆ. ವಿಠೋಬ ಹೆಬ್ಬೆರಳು ದಪ್ಪದ ವಾಯರೊಂದನ್ನು ಸ್ಪೀಕರಿಗೆ ಸಿಕ್ಕಿಸಿ ಅದನ್ನು ಕೇಳಿಸಿದನಂತೆ. ಅಪ್ಪ ಅತ್ತೇಬಿಟ್ಟನಂತೆ. ವಾಯರ್ ಕೊಟ್ಟು ಡೊಳ್ಳು ಒಯ್ಯುವುದೆಂದು ಮಾತಾಯಿತು.

ನಾನು ಜತ್ತದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳು. ಸುದ್ದಿ ತಿಳಿದು ಮರುದಿನ ಮುಂಜಾನೆ ಬಸ್ಸಿಳಿದು ಬಂದರೆ, ಡೊಳ್ಳು ಆಗಲೇ ಅವನ ಟೆಂಪೋದಲ್ಲಿತ್ತು. ಮೈಯೆಲ್ಲ ಉರಿಯಿತು.

"ಯಪ್ಪಾ, ವಾಯರ್ ದಪ್ಪಾದ್ರ ದನಿ ತಿಳಿ ಆಗ್ತೈತೇನು?"

"ನನ್ನ ಕಿವಿ ಸುಳ್ಳೇನ ಕಾಜಲ್? ಅವ್ವ ಉಸುರು ತಗೊಂಡದ್ದು ಕೇಳೇನಿ ನಾ."

"ಪರದೇಶದ ಮಾಲ್ ಐತ್ರಿ ತಂಗಿ," ವಿಠೋಬ ನಕ್ಕ. "ಇದರಾಗ ಕರೆಂಟ್ ಸೋಸಿ ಬರ್ತೈತಿ."

"ಕರೆಂಟ್ ಅಂದ್ರ ಚಾ ಏನ್ರಿ, ಸೋಸಾಕ? ಸುಮ್ನ ಕುಂದ್ರಿ."

ಕಂಬಳಿ ಅಡ್ಡ ಕಟ್ಟಿದೆ. ಅವರಿಬ್ಬರು ಆಚೆ, ಸ್ಪೀಕರು ವಾಯರುಗಳ ಜೊತೆ ನಾನು ಈಚೆ. ದನಿ ಏರಿಸುವ ಗುಂಡಿಗೆ ಸೀಮೆಸುಣ್ಣದ ಗೆರೆ ಎಳೆದು, ಇದನ್ನು ಯಾರೂ ಮುಟ್ಟುವಂತಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ವಿಠೋಬನ ನಗು ಇಳಿಯಿತು.

"ಎಂಟು ಸಲ ಹಾಡಸ್ತೀನಿ ಯಪ್ಪಾ. ಯಾವ ವಾಯರ್ ಅಂತ ನೀನ ಹೇಳು. ತಪ್ಪದ ಹೇಳಿದ್ರ ಡೊಳ್ಳು ಹೋಗ್ಲಿ, ನಾ ಪಿಟಕ್ ಅನ್ನಂಗಿಲ್ಲ."

ಅಪ್ಪ ಒಮ್ಮೆಯೂ ತಡವರಿಸಲಿಲ್ಲ. "ಇದು ಸಾದಾ." "ಇದೂ ಸಾದಾ." "ಹಾಂ, ಈಗ ದಪ್ಪಂದು ಹಚ್ಚಿದಿ ನೋಡು. ಅವ್ವ ಬಾಜೂಕ ಬಂದು ಕುಂತಂಗಾತು!"

ಅಪ್ಪನಿಗೆ ನೋವಾಗುತ್ತದೆಂದು ಗೊತ್ತಿತ್ತು. ಆದರೂ ಬಿಡಲಿಲ್ಲ. ಎಂಟೂ ಮುಗಿಸಿ ಕಂಬಳಿ ಸರಿಸಿದೆ.

ದಪ್ಪ ವಾಯರ್ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಎಂಟು ಸಲವೂ ಹಾಡಿದ್ದು ನಮ್ಮ ಹಳೆಯ ವಾಯರೇ.

ಅಪ್ಪನ ಮುಖ ಸಣ್ಣದಾಯಿತು. "ಹಂಗಾದ್ರ ನಿನ್ನೆ ನಾ ಕೇಳಿದ್ದು?"

ನಾನು ಗುಂಡಿಯನ್ನು ಗೆರೆ ದಾಟಿಸಿ ತಿರುವಿದೆ. ಆಯಿ ಉಸಿರೆಳೆದದ್ದು ಹಳೆಯ ವಾಯರಿನಲ್ಲೇ ಸ್ಪಷ್ಟವಾಗಿ ಕೇಳಿಸಿತು.

"ಇಷ್ಟ ಮಾಡ್ಯಾನ ಅಂವ. ದಪ್ಪಂದು ಹಚ್ಚಿದಾಗ ದನಿ ಏರಿಸ್ಯಾನ," ಎಂದೆ.

"ಕಿವಿಗೆ ರೂಢಿ ಆಗಬೇಕ್ರಿ, ಒಂದೆಂಟು ದಿನ..." ವಿಠೋಬ ರಾಗ ಎಳೆದ. ಅಪ್ಪ ಎದ್ದು ಟೆಂಪೋ ಹತ್ತಿ, ಡೊಳ್ಳನ್ನು ಎದೆಗಪ್ಪಿ ಕೆಳಗಿಳಿಸಿದ.

"ಅವ್ವ ಹಾಡೂಮುಂದ ಇದನ್ನ ನಾ ಬಾರಿಸೇನಿ," ಎಂದ. "ಆವತ್ತ ನಿನ್ನ ವಾಯರ್ ಎಲ್ಲಿತ್ತೋ?"