ಮನೆಯಲ್ಲಿ ನಾಲ್ಕು ಫೋನು

ಗಣತಿದಾರಳು ಮೂರನೆಯ ಮಹಡಿ ಹತ್ತಿ ಬಾಗಿಲು ತಟ್ಟಿದಾಗ ಮನೆಯ ಯಜಮಾನರು ಟೀ ಕುಡಿಯುತ್ತಿದ್ದರು. ಫೋನು, ಇಂಟರ್ನೆಟ್ಟು ಯಾರ ಕೈಗೆ ಎಷ್ಟು ತಲುಪಿದೆಯೆಂದು ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯುತ್ತಿದ್ದ ಸಮೀಕ್ಷೆ ಅದು. ನಿವೃತ್ತ ಮೇಷ್ಟ್ರಾದ ಅವರು ಆದರದಿಂದಲೇ ಕುರ್ಚಿ ಎಳೆದುಕೊಟ್ಟರು. ತಾವು, ಹೆಂಡತಿ, ಮಗ, ಸೊಸೆ. ನಾಲ್ಕು ಜನ, ನಾಲ್ಕು ಫೋನು, ಎಲ್ಲರೂ ಬಳಸುತ್ತಾರೆ ಎಂದು ತಾವೇ ಬರೆಸಿದರು.

ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕೆಂಬ ನಿಯಮವಿತ್ತು. ದಿನಕ್ಕೆ ಇಪ್ಪತ್ತು ಮನೆ ಮುಗಿಸುವ ಅವಸರದಲ್ಲಿ ಅವಳು ಅದನ್ನು ಕೈಬಿಟ್ಟು ಎರಡು ವಾರವಾಗಿತ್ತು. ಮೇಲ್ವಿಚಾರಕರೂ ಕಂಡೂ ಕಾಣದಂತಿದ್ದರು. ಅವತ್ತು ಮಾತ್ರ, ನೀರು ತಂದಿಟ್ಟ ಸೊಸೆ ಗಣತಿದಾರಳ ಟ್ಯಾಬ್ ಪರದೆಯಲ್ಲಿ ತನ್ನ ಹೆಸರಿನ ಮುಂದಿದ್ದ ‘ಹೌದು’ ಓದಿ ಅಲ್ಲೇ ನಿಂತುಬಿಟ್ಟಳು. ಇವರ ಜೊತೆ ಎರಡು ನಿಮಿಷ ಮಾತಾಡಬೇಕು ಎಂದಳು ಗಣತಿದಾರಳು.

ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಸೊಸೆ ಬಾಗಿಲತ್ತ ಒಂದು ಕಣ್ಣಿಟ್ಟೇ ಪಿಸುಗುಟ್ಟಿದಳು. ಅವಳ ಹೆಸರಿನ ಫೋನು ಅತ್ತೆಯ ಬೀರುವಿನಲ್ಲಿತ್ತು. ಭಾನುವಾರ ತವರಿಗೆ ಮಾತಾಡುವಾಗ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂರುತ್ತಿದ್ದರು.

“ಅಮ್ಮ ಹೇಗಿದೀಯಾ ಅಂತಾಳೆ, ಚೆನ್ನಾಗಿದೀನಿ ಅಂತೀನಿ. ಆರು ವರ್ಷದಿಂದ ಅದೊಂದೇ ಮಾತು. ಮದುವೆಗೆ ಮುಂಚೆ ಆಸ್ಪತ್ರೇಲಿ ದಿನಕ್ಕೆ ಇನ್ನೂರು ಫೋನ್ ಎತ್ತುತ್ತಿದ್ದೋಳು ಅಕ್ಕ ನಾನು.”

“ಹಾಗಾದ್ರೆ ಏನಂತ ಬರೀಲಿ?”

ಸೊಸೆ ಒಗೆದಿಟ್ಟ ಬಟ್ಟೆಯನ್ನು ಸುಮ್ಮನೆ ಮಡಿಸಿದಳು. “ಇಲ್ಲ ಅಂತ ಬರೀರಿ.”

ಹೊರಬಂದಾಗ ಮೇಷ್ಟ್ರು, ಅವಳೇನು ಹೇಳಿದಳು ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದಳು ಗಣತಿದಾರಳು. ಅವರ ಮುಖ ಸಣ್ಣದಾಯಿತು.

“ಕಾಲ ಕೆಟ್ಟಿದೆಯಮ್ಮ. ಫೋನ್ ಹಿಡ್ಕೊಂಡು ಎಷ್ಟು ಸಂಸಾರ ಹಾಳಾಗಿವೆ. ಅವಳಿಗೇನು ಕಮ್ಮಿ ಮಾಡಿದೀವಿ? ಕೇಳಿದಾಗ ಕೊಡ್ತೀವಲ್ಲ.”

ಆ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಗಣತಿದಾರಳನ್ನು ಹೆಚ್ಚು ಕಾಡಿತು. ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದಳು. ಎರಡು ವಾರದಲ್ಲಿ ಇನ್ನೂರಕ್ಕೂ ಹೆಚ್ಚು ಮನೆ. ಗಂಡಸರು ಬರೆಸಿದ ಅಷ್ಟೂ ‘ಹೌದು’ಗಳನ್ನು ಒತ್ತಿದ್ದು ಅವಳದೇ ಬೆರಳು.

ಮೇಲ್ವಿಚಾರಕರಿಗೆ ಫೋನ್ ಮಾಡಿ, ಎಲ್ಲ ಮನೆಗಳಿಗೂ ಮತ್ತೆ ಹೋಗುತ್ತೇನೆ ಎಂದಳು. ವರದಿ ಕಳಿಸುವ ಹೊತ್ತಿನಲ್ಲಿ ಇದೆಂಥ ತಲೆನೋವು ಎಂದು ಅವರು ರೇಗಿದರು. ಅವಳ ಜಾಗಕ್ಕೆ ಹೊಸಬರನ್ನು ಹಾಕಿಕೊಳ್ಳಬೇಕಾಗುತ್ತದೆ ಎಂದೂ ಹೆದರಿಸಿದರು. ಅವಳು ಮಾತು ಬದಲಿಸಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬೀದಿಯ ಮೊದಲ ಬಾಗಿಲು ತೆರೆದವನು ಹುಬ್ಬೇರಿಸಿದ.

“ಅವತ್ತೇ ಎಲ್ಲಾ ಬರೆಸಿದ್ನಲ್ಲಮ್ಮ?”

“ನಿಮ್ಮದು ಬರ್ಕೊಂಡಿದೀನಿ. ಇವತ್ತು ನಿಮ್ಮ ಮನೆಯವರ ಹತ್ರ ಮಾತಾಡ್ಬೇಕು.”

ಒಳಗೆಲ್ಲೋ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.