ಮೂರನೇ ಮಹಡಿಯ ಜಗಳ

ನನ್ನ ಕೋಪಕ್ಕೆ ಹೆದರಿ ಓಡಿಹೋದವರನ್ನೆಲ್ಲ ಕೂರಿಸಿದರೆ ಒಂದು ಬಸ್ಸು ತುಂಬೀತು. ಅಂಗಡಿಯಲ್ಲಿ ಕೆಲಸಗಾರರು ನಿಲ್ಲುವುದಿಲ್ಲ. ನಾನು ಹೋದರೆ ಅಕ್ಕನ ಮಕ್ಕಳು ಹಿತ್ತಲಿಗೆ ಜಾರುತ್ತಾರೆ. ಮದುವೆಯ ಮಾತಂತೂ ಯಾವ ಕಾಲಕ್ಕೋ ಮುಗಿದುಹೋಯಿತು. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕಸುಬು. ಎಷ್ಟು ಬೈದರೂ ಮೋಟಾರು ಎದ್ದು ಹೋಗುವುದಿಲ್ಲ, ಅದೊಂದು ಅನುಕೂಲ.

ಕೈಯಲ್ಲಿ ನಾಲ್ಕು ಕಾಸು ಸೇರಿದ ಸುದ್ದಿ ಅಕ್ಕನಿಗೆ ಹೇಗೋ ತಿಳಿಯಿತು. ಫೋನಿನಲ್ಲೇ ಹಿಡಿದುಕೊಂಡಳು.

"ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋ. ನಾಳೆ ಕೈಲಾಗದೆ ಬಿದ್ಕೊಂಡ್ರೆ ಆ ಬಾಡಿಗೆನೇ ನಿನಗೆ ಅನ್ನ ಹಾಕ್ಬೇಕು. ಬೇರೆ ಯಾರಿದ್ದಾರೆ ನಿನಗೆ?"

"ಯಾಕೆ, ನಿನ್ನ ಮಕ್ಕಳಿಲ್ವಾ?"

"ಅವು ನಿನ್ನ ಕಂಡ್ರೆ ಉಚ್ಚೆ ಹೊಯ್ಕೋತಾವೆ," ಅಂದಳು.

ಬ್ರೋಕರ್ ಒಂದು ಮನೆ ತೋರಿಸಿದ. ಮೂರನೇ ಮಹಡಿ, ಎರಡು ಕೋಣೆ, ಲಿಫ್ಟ್ ಇಲ್ಲ. "ಬಾಡಿಗೆಯವರು ಈಗಾಗ್ಲೇ ಇದ್ದಾರೆ ಸಾರ್, ಹುಡುಕೋ ತಾಪತ್ರಯನೇ ಇಲ್ಲ," ಎಂದು ಏದುಸಿರು ಬಿಡುತ್ತಾ ಬಾಗಿಲು ತಟ್ಟಿದ. ಬಾಗಿಲು ತೆಗೆದವಳು ಹತ್ತಿರದ ಆಸ್ಪತ್ರೆಯ ನರ್ಸಮ್ಮ. ಗಂಡ ತೀರಿಕೊಂಡ ಮೇಲೂ ಮಾವನನ್ನು ಬಿಟ್ಟುಹೋಗದೆ ಸಾಕುತ್ತಿದ್ದವಳು. ಆ ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದ. ಹಿಂದೆ ಲೈನ್‌ಮನ್ ಆಗಿದ್ದವನು, ಕಂಬದಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದ.

"ಎದ್ದು ನಿಲ್ಲೋಕೆ ನನ್ನ ಕೈಲಾಗಲ್ಲ. ಮರ್ಯಾದೆ ಬೇಕಿದ್ರೆ ಕೂತ್ಕೊಂಡೇ ಕೊಡ್ತೀನಿ," ಅಂದ ಮುದುಕ. ನನ್ನ ಕಸುಬು ಕೇಳಿದ. ಹೇಳಿದೆ.

"ಓಹೋ! ಲೈನಿನ ಮೇಲೆ ತಪ್ಪು ಹೊರಿಸಿ ಹೊಟ್ಟೆ ಹೊರೆಯೋ ಪೈಕಿ!"

ನನಗೆ ಉರಿದುಹೋಯಿತು. "ನಿಮ್ಮ ವೋಲ್ಟೇಜ್ ನೆಟ್ಟಗಿದ್ರೆ ಮೋಟಾರ್ ಯಾಕ್ರೀ ಸುಡ್ತದೆ?"

"ಸಪೂರ ತಂತಿ ಸುತ್ತಿ ದಪ್ಪ ತಂತಿ ದುಡ್ಡು ಇಸ್ಕೊಂಡ್ರೆ ಸುಡದೆ ಅರಳ್ತದಾ?"

ನಾನು ಕೂಗಿದೆ. ಅವನು ನನಗಿಂತ ಜೋರಾಗಿ ಕೂಗಿದ. ನಾನು ಗೋಡೆಗೆ ಗುದ್ದಿದೆ. ಅವನು ಊರುಗೋಲಿನಿಂದ ನೆಲ ಕುಟ್ಟಿದ. ಪಕ್ಕದ ಮನೆಯ ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು. ವ್ಯಾಪಾರ ಕೆಟ್ಟಿತೆಂದು ಬ್ರೋಕರ್ ಹಣೆ ಹಿಡಿದುಕೊಂಡ. ನರ್ಸಮ್ಮ ಮಾತ್ರ ನಿರಾಳವಾಗಿ ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟಳು. "ಇಬ್ರೂ ಗಂಟಲು ಒಣಗಿಸ್ಕೊಂಡಿದ್ದೀರ. ಕುಡಿದು ಮುಂದುವರಿಸಿ," ಅಂದಳು.

ಮೆಟ್ಟಿಲಿಳಿಯುವಾಗ ನಾನು ಒಬ್ಬನೇ ನಗುತ್ತಿದ್ದೆ. ಅದುವರೆಗೆ ನನಗೆ ಎದುರು ಕೂಗಿದವರು ಯಾರೂ ಇರಲಿಲ್ಲ. ಎಲ್ಲರೂ ಸುಮ್ಮನಾಗುತ್ತಾರೆ, ಆಮೇಲೆ ಕಾಣೆಯಾಗುತ್ತಾರೆ.

ಮುಂದಿನ ಭಾನುವಾರ ನಲ್ಲಿಯ ನೀರು ನೋಡುವ ನೆಪದಲ್ಲಿ ಹೋದೆ. ಅದರ ಮುಂದಿನ ವಾರ ಸಂಜೆ ಬಿಸಿಲು ಎಲ್ಲಿಗೆ ಬೀಳುತ್ತದೆ ಎಂದು. ಆಮೇಲೆ ಬಾಲ್ಕನಿಯ ಕಂಬಿ ಗಟ್ಟಿಯಿದೆಯೇ ಎಂದು.

"ಏನಯ್ಯಾ ತಂತಿ, ಇವತ್ತು ಯಾವ ಗೋಡೆ ನೋಡೋಕೆ ಬಂದೆ?"

"ನಿಮ್ಮ ತಲೆ ನೋಡೋಕೆ, ಕಂಬದವ್ರೇ. ಅದರಲ್ಲೂ ಬಿರುಕಿದೆ ಅಂತ ಬ್ರೋಕರ್ ಹೇಳ್ದ."

ಅಲ್ಲಿಂದ ಶುರುವಾದರೆ ಮತ್ತೆ ವೋಲ್ಟೇಜಿಗೇ ಬರುತ್ತಿದ್ದೆವು. ಅವನೂ ಸೋಲುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ವಾರವಿಡೀ ತಂತಿ ಸುತ್ತುತ್ತಾ ಮುಂದಿನ ಭಾನುವಾರಕ್ಕೆ ಮಾತು ಹೊಂದಿಸಿಕೊಳ್ಳುತ್ತಿದ್ದೆ. ಬ್ರೋಕರ್ ಬೇಸತ್ತ. "ಹೆಣ್ಣು ನೋಡೋಕೂ ಯಾರೂ ಇಷ್ಟು ಸಲ ಹೋಗಲ್ಲ ಸಾರ್. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ."

ಊಹೂಂ ಅನ್ನುವುದೇ ಬುದ್ಧಿವಂತಿಕೆ ಎಂದು ನನಗೂ ಗೊತ್ತಿತ್ತು. ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಬ್ಯಾಂಕಲ್ಲಿಟ್ರೆ ಬಡ್ಡಿನೇ ಈ ಬಾಡಿಗೆಗಿಂತ ಜಾಸ್ತಿ. ಗೋಡೆ ಹಸಿ ಹಿಡಿದಿದೆ ಅಂತ ನೀನೇ ಹೇಳ್ತೀಯ. ಹಗಲು ಕಂಡ ಬಾವಿಗೆ ಇರುಳು ಬೀಳ್ತೀಯಾ?" ಅವನಿಗೂ ಬೈದು ಕಳಿಸಿದೆ. ಆದರೆ ಅವನ ಲೆಕ್ಕ ಸರಿಯಿತ್ತು. ಹೂಂ ಅಂದರೆ ದುಡ್ಡು ಹೋಗುತ್ತದೆ. ಊಹೂಂ ಅಂದರೆ ಭಾನುವಾರ ಹೋಗುತ್ತದೆ. ಅದಕ್ಕೇ ಏನೂ ಅನ್ನದೆ ಕೂತಿದ್ದೆ.

ಒಂದು ಮಧ್ಯಾಹ್ನ ನರ್ಸಮ್ಮ ಅಂಗಡಿಗೇ ಬಂದಳು. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು.

"ಅಣ್ಣಾ, ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ. ಬೇರೆಯವರೊಬ್ರು ಬಂದು ನೋಡಿದ್ರು. ಅವರು ತಗೊಂಡ್ರೆ ತಾವೇ ಬಂದು ಇರ್ತಾರಂತೆ, ನಾವು ಖಾಲಿ ಮಾಡ್ಬೇಕು. ಇಲ್ಲಿಂದಾದ್ರೆ ಡ್ಯೂಟಿ ಮಧ್ಯೆ ಓಡಿ ಬಂದು ಮಾವನಿಗೆ ಊಟ ಕೊಡ್ತೀನಿ. ದೂರ ಹೋದ್ರೆ ಯಾರು ಕೊಡ್ತಾರೆ?"

"ಕಂಬದವರು ಏನಂತಾರೆ?"

"ನಿಮ್ಮನ್ನ ಕೇಳಲೇಬೇಡ ಅಂತ ನನಗೇ ಬೈದ್ರು. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡ್ಲಿಲ್ಲ."

"ಆ ಮುದುಕನಿಗೆ ತಲೆ ಕೆಟ್ಟಿದೆ. ಯಾರೂ ಎಲ್ಲಿಗೂ ಹೋಗಲ್ಲ, ನಡೀರಿ!" ಎಂದು ಗದರಿದೆ. ಅವಳು ಬೆಚ್ಚಿ, ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು.

ತಾಮ್ರ ಕೊಳ್ಳುವಾಗ ಗುಲಗಂಜಿಗೂ ಜಗಳಾಡುವ ನಾನು ಮನೆಗೆ ಚೌಕಾಸಿ ಮಾಡಲಿಲ್ಲ. ರಿಜಿಸ್ಟ್ರೇಷನ್ ಮುಗಿಯಿತು. ಅಕ್ಕನಿಗೆ ಹೇಳಿದರೆ, "ಅಂತೂ ಬುದ್ಧಿ ಬಂತಲ್ಲಾ," ಅಂದಳು.

ಆ ಭಾನುವಾರ ನೆಪ ಹುಡುಕಬೇಕಾಗಿರಲಿಲ್ಲ. ನಾನೇ ಸುತ್ತಿಕೊಟ್ಟ ಮೋಟಾರೊಂದು ಅದೇ ವಾರ ಸುಟ್ಟುಕೊಂಡು ವಾಪಸ್ ಬಂದಿತ್ತು. ಅದರ ಕರಕಲು ಸುರುಳಿಯನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೆ. ಇವತ್ತು ಮುದುಕನ ಬಾಯಿ ಮುಚ್ಚಿಸುತ್ತೇನೆ ಅಂದುಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.

ನೆಲ ಒರೆಸಿ ಫಳಫಳ ಮಾಡಿದ್ದರು. ಮಂಚಕ್ಕೆ ಮಡಿಕೆ ಬಿಚ್ಚಿದ ಹೊಸ ಚಾದರ. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ಮುದುಕ ಗೋಡೆ ಹಿಡಿದು ಎದ್ದು ನಿಂತಿದ್ದ. ಅವನ ಮೊಣಕಾಲು ನಡುಗುತ್ತಿತ್ತು.

"ಬನ್ನಿ ಯಜಮಾನ್ರೇ," ಅಂದ.

ನರ್ಸಮ್ಮ ಆ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. "ಕೂತ್ಕೊಳ್ಳಿ ಸಾರ್," ಎಂದು ಬಾಡಿಗೆಯ ಕವರನ್ನು ಎರಡೂ ಕೈಯಲ್ಲಿ ನೀಡಿದಳು.

"ಸಾರಾ? ಯಾವ ಸಾರು? ಕಂಬದವ್ರೇ, ನಾಟಕ ಸಾಕು, ಕೂತ್ಕೊಳ್ರೀ!" ಎಂದು ಕೂಗಿದೆ.

ಮುದುಕ ಕೂಡಲೇ ಕೂತ. ಮಂಚದ ತುದಿಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು.

ನಾನು ಸುರುಳಿಯನ್ನು ಅವನ ಮಡಿಲಿಗೆ ಹಾಕಿದೆ. "ನೋಡಿ ನಿಮ್ಮ ಲೈನಿನ ಘನಕಾರ್ಯ. ಈಗೇನಂತೀರಿ?"

ಅವನು ಅದನ್ನು ಹೊರಳಿಸಿದ. ಒಂದು ಎಳೆಯನ್ನು ಉಗುರಿನಿಂದ ಕೆರೆದ, ಮೂಸಿದ. ಕಣ್ಣು ಒಂದು ಕ್ಷಣ ಹಳೆಯ ಹಾಗೆ ಮಿಂಚಿತು, ಬಾಯಿ ತೆರೆಯಿತು. ಆಮೇಲೆ ಸೊಸೆಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ವೋಲ್ಟೇಜಿಂದೇ ತಪ್ಪು, ಯಜಮಾನ್ರೇ. ನೀವು ಹೇಳಿದ್ದೇ ಸರಿ."

"ತಂತಿ ಸಪೂರ ಆಗಿರ್ಬಹುದಲ್ವಾ?" ಅಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ಸರಿಯಾಗಿ ನೋಡಿ. ಸುತ್ತಿದವನು ಕಳ್ಳ ಇರ್ಬಹುದು."

"ಛೆ ಛೆ, ನೀವು ಸುತ್ತಿದ ಮೇಲೆ ಅದೆಲ್ಲಿಂದ ಬಂತು," ಎಂದು ಸುರುಳಿಯನ್ನು ಮೆಲ್ಲಗೆ ನನ್ನ ಚೀಲದೊಳಗೆ ಇಟ್ಟುಕೊಟ್ಟ.

ಚಹಾ ಬಂತು, ಈ ಸಲ ಸಾಸರಿನ ಮೇಲೆ ಕಪ್ಪು. ಗಂಟಲು ಒಣಗಿದೆ ಎಂದು ಯಾರೂ ಹೇಳಲಿಲ್ಲ.